ಎರಡು ಸುತ್ತಿನ ತಾಳ್ಮೆ

ಮನೆಯಲ್ಲಿ ಸದ್ದಿಲ್ಲದೆ ದುಡಿಯುವವರ ಬೆಲೆ ಅವರು ಹಾಸಿಗೆ ಹಿಡಿದ ದಿನವೇ ತಿಳಿಯುವುದು ಲೋಕದ ರೂಢಿ. ಕಾರಿನೊಳಗೂ ಅಂಥದೊಂದು ವಸ್ತುವಿದೆ. ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ. ಬ್ರೇಕು ಸವೆದರೆ ಕಿರುಗುಟ್ಟುತ್ತದೆ. ಬ್ಯಾಟರಿ ಸೋತರೆ ಬೆಳಗಿನ ಹೊತ್ತು ನರಳುತ್ತದೆ. ಆದರೆ ಎಂಜಿನ್ನಿನ ಪಕ್ಕದಲ್ಲಿ, ಮುಚ್ಚಳದ ಮರೆಯಲ್ಲಿ ಓಡುತ್ತಿರುವ ಟೈಮಿಂಗ್ ಬೆಲ್ಟು ಬಹುಮಟ್ಟಿಗೆ ಯಾವ ಸೂಚನೆಯನ್ನೂ ಕೊಡದೆ ಒಂದು ದಿನ ಹಠಾತ್ತಾಗಿ ಹರಿದುಹೋಗುತ್ತದೆ. ಅದು ಹರಿದೊಡನೆ ಎಂಜಿನ್ನು ನಿಲ್ಲುತ್ತದೆ. ಆಗ ಕಾರು ಮನೆಯ ಬಾಗಿಲಲ್ಲಿದ್ದರೂ ಒಂದೇ, ಶಿರಾಡಿ ಘಾಟಿಯ ತಿರುವಿನಲ್ಲಿದ್ದರೂ ಒಂದೇ.

ಈ ಬೆಲ್ಟಿನ ಕೆಲಸವಾದರೂ ಏನು? ಎಂಜಿನ್ನಿನ ಕೆಳಭಾಗದಲ್ಲಿ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಗತಿಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟು. ಮೇಲ್ಭಾಗದಲ್ಲಿ ವಾಲ್ವುಗಳನ್ನು ಹೊತ್ತುಹೊತ್ತಿಗೆ ತೆರೆಯಿಸುವ ಕ್ಯಾಮ್‌ಶಾಫ್ಟು. ಕೆಳಗಿನದು ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನದು ಸರಿಯಾಗಿ ಒಂದು ಸುತ್ತು ತಿರುಗಬೇಕು. ಕ್ರ್ಯಾಂಕ್‌ಶಾಫ್ಟು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆಂದರೆ, ಈ ತಾಳ ಎಷ್ಟು ಸೂಕ್ಷ್ಮವಾದುದೆಂಬುದನ್ನು ಊಹಿಸಬಹುದು. ಆ ತಾಳವನ್ನು ಕಾಯುವುದು ಒಳಮೈಯಲ್ಲಿ ಹಲ್ಲುಗಳುಳ್ಳ ಒಂದು ರಬ್ಬರಿನ ಪಟ್ಟಿ.

ಕಾರುಗಳಲ್ಲಿ ಮೊದಲು ಈ ಕೆಲಸಕ್ಕೆ ಉಕ್ಕಿನ ಸರಪಳಿಯನ್ನೋ ಹಲ್ಲುಗಾಲಿಗಳನ್ನೋ ಬಳಸುತ್ತಿದ್ದರು. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಎಂಬ ಕಾರಿನಲ್ಲಿ ರಬ್ಬರಿನ ಬೆಲ್ಟು ಕಾಣಿಸಿಕೊಂಡಿತು. ಅದು ಹಗುರ, ಅಗ್ಗ, ಸದ್ದೂ ಕಡಮೆ, ಎಣ್ಣೆಯ ಹಂಗಿಲ್ಲ. ನಮ್ಮ ನಾಡಿನಲ್ಲಿ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಪೆಟ್ರೋಲ್ ಎಂಜಿನ್ನುಗಳು ಸರಪಳಿಯವಾಗಿದ್ದವು. ಮಧ್ಯಮವರ್ಗದ ಮನೆಯಂಗಳಕ್ಕೆ ಬೆಲ್ಟನ್ನು ತಂದುದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ, ಅಜ್ಜನ ಕಾಲದ್ದೆಂಬ ಮಮತೆಯಿಂದ ಅದನ್ನು ಉಳಿಸಿಕೊಂಡು ಬಂದ ಮನೆಗಳು ಇಂದಿಗೂ ಇವೆ.

ಇಂಥ ಮನೆಗಳಲ್ಲಿಯೇ ಒಂದು ತಪ್ಪು ತಿಳುವಳಿಕೆಯುಂಟು. “ಕಾರು ಹೆಚ್ಚು ಓಡಿಯೇ ಇಲ್ಲ, ಬೆಲ್ಟಿಗೇನಾಗಿರುತ್ತದೆ?” ಎಂಬ ಮಾತು ಸಾಮಾನ್ಯ. ರಬ್ಬರಿಗೆ ಮೈಲಿಯ ಲೆಕ್ಕವೊಂದೇ ಅಲ್ಲ, ವರ್ಷದ ಲೆಕ್ಕವೂ ಇದೆ. ಹೊಂಗೆಯ ಮರದಡಿ ನಿಂತೇ ಇದ್ದರೂ ಅದು ಗಡುಸಾಗುತ್ತದೆ, ಹಲ್ಲುಗಳ ಬುಡದಲ್ಲಿ ಸೀಳುಬಿಡುತ್ತದೆ; ಎಣ್ಣೆ ಸೋಕಿದರಂತೂ ಆಯುಷ್ಯ ಮತ್ತಷ್ಟು ಕುಗ್ಗುತ್ತದೆ. ತಯಾರಕರ ಪುಸ್ತಕದಲ್ಲಿ ಹೇಳಿದ ಕಿಲೋಮೀಟರು, ವರ್ಷ ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅಂದಿಗೇ ಬದಲಾಯಿಸುವುದು ಲೇಸು. ಹಳೆಯ ಕಾರನ್ನು ಕೊಂಡವರು, ಹಿಂದಿನವರು ಎಂದು ಬದಲಾಯಿಸಿದರೆಂಬುದು ತಿಳಿಯದಿದ್ದರೆ, ಬದಲಾಯಿಸಿಯೇ ಇಲ್ಲವೆಂದು ಭಾವಿಸತಕ್ಕದ್ದು. ಕೆಲವು ಎಂಜಿನ್ನುಗಳಲ್ಲಿ ಬೆಲ್ಟು ಹರಿದರೆ ಕಾರು ನಿಲ್ಲುವುದಷ್ಟೆ. ಇನ್ನು ಕೆಲವುಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ನು ಬಂದು ಬಡಿದು ವಾಲ್ವುಗಳು ಬಾಗುತ್ತವೆ. ಆಗ ಒಂದು ಬೆಲ್ಟಿನ ಬೆಲೆಯಲ್ಲಿ ಮುಗಿಯಬೇಕಾದುದು ಎಂಜಿನ್ನನ್ನೇ ಬಿಚ್ಚುವ ವೆಚ್ಚಕ್ಕೆ ಬರುತ್ತದೆ.

ಈ ಕೆಲಸವನ್ನು ಮನೆಯಲ್ಲಿ ಮಾಡಬಹುದೆ? ಹತ್ಯಾರು, ತಿಳುವಳಿಕೆ, ಒಂದು ಬಿಡುವಿನ ದಿನ ಇವು ಮೂರೂ ಇದ್ದವರು ಮಾಡಬಹುದು. ಅಂಥ ಒಂದು ಭಾನುವಾರವನ್ನು ಕಣ್ಮುಂದೆ ತಂದುಕೊಳ್ಳಬಹುದು. ತಂದೆ ಸ್ಪ್ಯಾನರು ಹಿಡಿದಿದ್ದಾನೆ. ಕಾಲೇಜಿಗೆ ಹೋಗುವ ಮಗಳು ತೆಗೆದ ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಹಳೆಯ ದಿನಪತ್ರಿಕೆಯ ಮೇಲೆ ಜೋಡಿಸುತ್ತಿದ್ದಾಳೆ. ಎಂಜಿನ್ನು ಪೂರ್ಣವಾಗಿ ತಣಿದಿದೆ. ಬ್ಯಾಟರಿಯ ತಂತಿ ಬಿಚ್ಚಿದೆ. ಗಾಲಿಗಳಿಗೆ ಅಡ್ಡಗಲ್ಲು ಬಿದ್ದಿದೆ. ಎತ್ತಿದ ಕಾರು ಬರಿಯ ಜಾಕಿನ ಮೇಲಲ್ಲ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಂತಿದೆ. ಆಲ್ಟರ್ನೇಟರಿನ ಬೆಲ್ಟು, ಪುಲ್ಲಿ, ಮುಚ್ಚಳಗಳು ಒಂದೊಂದಾಗಿ ಈಚೆಗೆ ಬಂದುವು. ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿಟ್ಟುದರಿಂದ ಎಂಜಿನ್ನು ಕೈಗೆ ಹಗುರವಾಗಿ ತಿರುಗುತ್ತದೆ.

ಮೊದಲ ನಿಯಮ, ಹಳೆಯ ಬೆಲ್ಟನ್ನು ತೆಗೆಯುವ ಮುನ್ನವೇ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಾಲಿಗಳ ಗುರುತುಗಳನ್ನು ಅವುಗಳ ಎದುರಿನ ಗುರುತುಗಳಿಗೆ ಸರಿಹೊಂದಿಸುವುದು. ಬೆಲ್ಟು ತೆಗೆದಮೇಲೆ ಯಾವ ಶಾಫ್ಟನ್ನೂ ಅಲುಗಿಸಕೂಡದು. ಬಿಚ್ಚಿದ ಹೊತ್ತಿನಲ್ಲಿಯೇ ಟೆನ್ಷನರಿನ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಗರಗರ ಎಂದರೆ ಅದನ್ನೂ ಬದಲಾಯಿಸಬೇಕು. ಎಣ್ಣೆ ಜಿನುಗುವ ಸೀಲನ್ನು ಹಾಗೆಯೇ ಬಿಟ್ಟು ಹೊಸ ಬೆಲ್ಟು ಹಾಕುವುದು ಸೋರುವ ಮಾಡಿನಡಿ ಹೊಸ ಹಾಸಿಗೆ ಹಾಸಿದಂತೆ. ವಾಟರ್ ಪಂಪು ಇದೇ ಬೆಲ್ಟಿನಿಂದ ತಿರುಗುವ ಕಾರಾದರೆ ಅದರ ಪರೀಕ್ಷೆಗೂ ಇದೇ ಸಮಯ. ಹೊಸ ಬೆಲ್ಟನ್ನು ಮಡಿಸಬಾರದು, ತಿರುಚಬಾರದು, ಸ್ಪ್ಯಾನರಿನಿಂದ ಮೀಟಿ ಕೂರಿಸಬಾರದು.

ಬೆಲ್ಟು ಕುಳಿತಿತು, ಟೆನ್ಷನರು ಬಿಗಿಯಾಯಿತು. ಮಗಳಿಗೆ ಉತ್ಸಾಹ.

“ಅಪ್ಪ, ಎರಡು ಗುರುತೂ ಸರಿಯಾಗಿವೆ. ಕೀಲಿ ತಿರುಗಿಸಿ ನೋಡಿಬಿಡೋಣವೆ?”

“ತಾಳಮ್ಮ, ಮೊದಲು ಕೈಯಿಂದ ಎರಡು ಸುತ್ತು.”

ಕ್ರ್ಯಾಂಕ್‌ಶಾಫ್ಟನ್ನು ಸ್ಪ್ಯಾನರಿನಿಂದ ಮೆಲ್ಲಗೆ ಎರಡು ಪೂರ್ಣ ಸುತ್ತು ತಿರುಗಿಸಿದಾಗ ಕೆಳಗಿನ ಗುರುತು ತನ್ನ ಸ್ಥಾನಕ್ಕೆ ಬಂತು. ಮೇಲಿನದು ಒಂದು ಹಲ್ಲಿನಷ್ಟು ಹಿಂದೆ ಉಳಿದಿತ್ತು! ಬಿಗಿ ಮಾಡುವಾಗ ಬೆಲ್ಟು ಜರುಗಿದ್ದಿರಬೇಕು. ಒಂದು ಹಲ್ಲು ಅಲ್ಪವೆನಿಸಬಹುದು. ಮೇಲಿನ ಗಾಲಿಗೆ 40 ಹಲ್ಲುಗಳಿವೆಯೆಂದು ಇಟ್ಟುಕೊಂಡರೆ ಅದು 9 ಡಿಗ್ರಿಯ ತಪ್ಪು. ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ 18 ಡಿಗ್ರಿ. ಕಾರು ಓಡಿದರೂ ಶಕ್ತಿಗುಂದುತ್ತದೆ. ತಪ್ಪು ಇನ್ನಷ್ಟು ಹೆಚ್ಚಾಗಿದ್ದರೆ ವಾಲ್ವಿಗೂ ಪಿಸ್ಟನ್ನಿಗೂ ಜಗಳ. ಸ್ಟಾರ್ಟರು ತಡೆಯನ್ನು ಲೆಕ್ಕಿಸದೆ ನೂಕುತ್ತದೆ. ಮನುಷ್ಯನ ಕೈ ಗಟ್ಟಿ ತಗುಲಿದೊಡನೆ ನಿಲ್ಲುತ್ತದೆ. ಆದುದರಿಂದಲೇ ಕೈಯ ಸುತ್ತು ಮೊದಲು, ಕೀಲಿಯ ಸುತ್ತು ಅನಂತರ.

ತಂದೆ ಬೇಸರಪಡದೆ ಟೆನ್ಷನರನ್ನು ಮತ್ತೆ ಸಡಿಲಿಸಿದ. ಅರ್ಧ ಗಂಟೆ ಹೋಯಿತು. ಒಳಗಿನಿಂದ ಊಟಕ್ಕೆ ಕರೆ ಬಂತು, ಮತ್ತೊಮ್ಮೆ ಬಂತು. ಈ ಬಾರಿ ಎರಡು ಸುತ್ತಿನ ಬಳಿಕ ಎರಡು ಗುರುತುಗಳೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿದು, ತೆಗೆದುದನ್ನೆಲ್ಲ ಮತ್ತೆ ಜೋಡಿಸಿದ ಮೇಲೆ ಕೀಲಿ ತಿರುಗಿಸುವ ಅಧಿಕಾರ ಮಗಳಿಗೇ ದೊರೆಯಿತು. ಕಾರು ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು.

ಪುಲ್ಲಿಯ ಬೋಲ್ಟು ಜಗ್ಗದಿದ್ದರೆ, ಗುರುತು ಕಾಣದಿದ್ದರೆ, ಬಿಗಿತದ ಅಳತೆ ತಿಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ ಅನುಭವಸ್ಥ ಮೆಕ್ಯಾನಿಕ್ಕನನ್ನು ಕರೆಯುವುದರಲ್ಲಿ ಅವಮಾನವೇನೂ ಇಲ್ಲ. ಕೆಲಸ ಮುಗಿದಮೇಲೆ ಮುಚ್ಚಳದ ಮೇಲೊಂದು ಚೀಟಿ ಅಂಟಿಸಿ, ದಿನಾಂಕವನ್ನೂ ಕಿಲೋಮೀಟರನ್ನೂ ಬರೆದಿಡುವುದು ಒಳ್ಳೆಯದು. ಬೆಲ್ಟು ತಾನಾಗಿ ಮಾತಾಡುವುದಿಲ್ಲ. ಅದರ ಪರವಾಗಿ ಆ ಚೀಟಿಯಾದರೂ ಮಾತಾಡಲಿ.