ಜಲ್ಲಿ ಗುಂಡಿಯಲ್ಲಿ ನಿಂತ ನೀರು ಯಾರದ್ದು?

ಮರಳು, ಜಲ್ಲಿ ತೆಗೆದ ಜಾಗದಲ್ಲಿ ದೊಡ್ಡ ಗುಂಡಿ ಉಳಿದು, ಅದರ ತುಂಬ ನೀರು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ‘ಏನೇ ಹಾಳಾದರೂ ಒಂದು ಕೆರೆಯಾದರೂ ಸಿಕ್ಕಿತಲ್ಲ’ ಎನ್ನುವ ಮಾತೂ ಕೇಳಿಬರುತ್ತದೆ. ನದಿ ಪಕ್ಕದ ಗುಂಡಿಗಳ ಮಟ್ಟಿಗೆ ಈ ನಂಬಿಕೆ ತಪ್ಪು. ನೆಲದಡಿಯಲ್ಲಿ ನದಿಯ ಕಡೆಗೆ ಸಾಗುತ್ತಿದ್ದ ನೀರೇ ಅಲ್ಲಿ ಬಿಸಿಲಿಗೆ ತೆರೆದುಕೊಂಡಿರುತ್ತದೆ. ಹೀಗೆ ಆವಿಯಾಗುವ ನೀರಿಗೆ ಲೆಕ್ಕ ಇಟ್ಟು, ಗುಂಡಿ ತೋಡಿದವರಿಂದಲೇ ಅದನ್ನು ನದಿಗೆ ವಾಪಸ್ ಕೊಡಿಸುವ ವ್ಯವಸ್ಥೆ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿದೆ. ಅದು ಹೇಗೆ ನಡೆಯುತ್ತದೆ, ಅದರ ಮಿತಿ ಏನು ಎಂಬುದನ್ನು ನೋಡೋಣ.

ಗುಂಡಿಗೆ ನೀರು ಬರುವುದು ಎಲ್ಲಿಂದ?

ಸೌತ್ ಪ್ಲ್ಯಾಟ್ ನದಿ ರಾಕಿ ಪರ್ವತಗಳಲ್ಲಿ ಹುಟ್ಟಿ, ಡೆನ್ವರ್ ನಗರವನ್ನು ಹಾದು, ಪಕ್ಕದ ನೆಬ್ರಾಸ್ಕಾ ರಾಜ್ಯಕ್ಕೆ ಹರಿಯುತ್ತದೆ. ಸಾವಿರಾರು ವರ್ಷಗಳಲ್ಲಿ ಅದು ಹೊತ್ತು ತಂದ ಮರಳು ಮತ್ತು ಉರುಟು ಕಲ್ಲುಗಳು ದಡದುದ್ದಕ್ಕೂ ದಪ್ಪ ಪದರವಾಗಿ ಕೂತಿವೆ. ಡೆನ್ವರ್ ಸುತ್ತಮುತ್ತ ಕಾಂಕ್ರೀಟಿಗೂ ರಸ್ತೆಗೂ ಬೇಕಾದ ಜಲ್ಲಿಯನ್ನು ಇಲ್ಲಿಂದ ತೆಗೆಯುತ್ತಾರೆ.

ಈ ಕಲ್ಲುಗಳ ಸಂದಿಯಲ್ಲಿ ಅಂತರ್ಜಲ ತುಂಬಿರುತ್ತದೆ. ಅದಕ್ಕೂ ನದಿಗೂ ನೇರ ಸಂಬಂಧವಿದೆ: ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲೂ ಕಡಿಮೆಯಾಗುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಗುಂಡಿ ತಾನಾಗಿಯೇ ತುಂಬಿಕೊಳ್ಳುತ್ತದೆ.

ನೆಲದಡಿ ಇದ್ದಾಗ ಆ ನೀರಿಗೆ ಮಣ್ಣಿನ ಹೊದಿಕೆ ಇತ್ತು. ಈಗ ಬಿಸಿಲು, ಗಾಳಿ ಎರಡೂ ತಾಗುತ್ತವೆ. ಆ ಒಣ ಪ್ರದೇಶದಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಸುಮಾರು 1 ಮೀಟರ್ ಆವಿಯಾಗುತ್ತದೆ. 10 ಹೆಕ್ಟೇರ್ ಅಗಲದ ಗುಂಡಿಯಾದರೆ ವರ್ಷಕ್ಕೆ 10 ಕೋಟಿ ಲೀಟರ್! ಮೊದಲು ಅಲ್ಲಿದ್ದ ಹುಲ್ಲು, ಗಿಡಗಳು ಬಳಸುತ್ತಿದ್ದ ಮಳೆನೀರನ್ನು ಇದರಲ್ಲಿ ಕಳೆದರೂ ದೊಡ್ಡ ಮೊತ್ತವೇ ಉಳಿಯುತ್ತದೆ. ಇದಲ್ಲದೆ ಲಾರಿ ಹತ್ತುವ ತೊಳೆದ ಜಲ್ಲಿಯೂ ತೂಕದ ಸುಮಾರು 4%ರಷ್ಟು ನೀರನ್ನು ಹೊತ್ತೊಯ್ಯುತ್ತದೆ. ಅಂದರೆ 1 ಲಕ್ಷ ಟನ್ ಜಲ್ಲಿಯೊಡನೆ 40 ಲಕ್ಷ ಲೀಟರ್ ನೀರು ಹೋಗುತ್ತದೆ. ಧೂಳು ಏಳದಂತೆ ದಾರಿಗೆ ಚಿಮುಕಿಸುವ ನೀರು ಬೇರೆ.

ಈ ನಷ್ಟ ಯಾರ ಪಾಲಿನದು?

ಕೊಲೊರಾಡೊದಲ್ಲಿ ನದಿ ನೀರಿಗೆ ‘ಮೊದಲು ಬಳಸಿದವರಿಗೆ ಮೊದಲ ಹಕ್ಕು’ ಎಂಬ ನಿಯಮವಿದೆ. 1876ರ ರಾಜ್ಯ ಸಂವಿಧಾನದಲ್ಲೇ ಇದು ಸೇರಿದೆ. ನದಿಯಲ್ಲಿ ನೀರು ಸಾಲದಿದ್ದಾಗ ಹಳೆಯ ಹಕ್ಕಿನವರಿಗೆ ಪೂರ್ತಿ ಸಿಗಬೇಕು, ಹೊಸಬರು ನಿಲ್ಲಿಸಬೇಕು. ಅದರ ಮೇಲೆ 1923ರ ಒಪ್ಪಂದದಂತೆ ನೆಬ್ರಾಸ್ಕಾಕ್ಕೂ ಪಾಲು ಹೋಗಬೇಕು. ಹೀಗೆ ಹಂಚಿ ಮುಗಿದಿರುವ ನದಿಯಲ್ಲಿ ಯಾರೇ ಹೊಸದಾಗಿ ನೀರು ಖರ್ಚು ಮಾಡಿದರೂ ಕೆಳಗಿನ ಒಬ್ಬ ರೈತನ ಕಾಲುವೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ.

ಹೊಸಬರು ನೀರು ಬಳಸಬೇಕೆಂದರೆ, ಬಳಸಿದಷ್ಟನ್ನು ಬೇರೆ ಮೂಲದಿಂದ ನದಿಗೆ ತುಂಬಿಕೊಡಬೇಕು. 1969ರ ಕಾನೂನು ಇದಕ್ಕೆ ‘ಆಗ್ಮೆಂಟೇಶನ್ ಪ್ಲಾನ್’ ಎಂಬ ದಾರಿ ಮಾಡಿಕೊಟ್ಟಿತು. ‘ನಾವು ನೀರು ಎತ್ತುತ್ತಿಲ್ಲ, ಜಲ್ಲಿ ತೆಗೆಯುತ್ತಿದ್ದೇವೆ ಅಷ್ಟೇ’ ಎನ್ನುವ ವಾದ 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಅಂತರ್ಜಲ ತೆರೆದುಕೊಳ್ಳುವಂತೆ ಅಗೆದ ಗುಂಡಿಯೂ ಕಾನೂನಿನ ಕಣ್ಣಿಗೆ ಬಾವಿಯೇ ಎಂದು ಕೋರ್ಟ್ ಹೇಳಿತು. ಮರುವರ್ಷ ಬಂದ ಕಾನೂನು 1980ರ ಕೊನೆಯೊಳಗೆ ತೆರೆದ ಗುಂಡಿಗಳಿಗೆ ವಿನಾಯಿತಿ ಕೊಟ್ಟು, ಆಮೇಲಿನವುಗಳ ಆವಿ ನಷ್ಟವನ್ನು ಭರ್ತಿ ಮಾಡಬೇಕೆಂದು ಕಡ್ಡಾಯ ಮಾಡಿತು.

ಎಷ್ಟು ಎನ್ನುವುದರ ಜೊತೆಗೆ ಯಾವಾಗ?

ಗುಂಡಿಯಲ್ಲಿ ಇವತ್ತು ಆವಿಯಾದ ನೀರಿನ ಕೊರತೆ ನದಿಯಲ್ಲಿ ಇವತ್ತೇ ಕಾಣುವುದಿಲ್ಲ. ಅಂತರ್ಜಲ ನಿಧಾನವಾಗಿ ಚಲಿಸುತ್ತದೆ. ಗುಂಡಿ ನದಿಯಿಂದ ದೂರ ಇದ್ದಷ್ಟೂ ಪರಿಣಾಮ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗುತ್ತದೆ. ನದಿ ಪಕ್ಕದ ಬಾವಿಯಿಂದ ನೀರೆತ್ತಿದರೆ ನದಿಗೆ ಯಾವಾಗ, ಎಷ್ಟು ನಷ್ಟ ಎಂದು ಅಂದಾಜಿಸುವ ಸೂತ್ರವನ್ನು ಗ್ಲೋವರ್ ಮತ್ತು ಬಾಲ್ಮರ್ 1954ರಲ್ಲಿ ಪ್ರಕಟಿಸಿದರು. ಅದೇ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬದಲಿ ನೀರು ಕೊರತೆ ಕಾಣುವ ಸಮಯಕ್ಕೆ, ಸರಿಯಾದ ಜಾಗದಲ್ಲಿ ನದಿ ಸೇರಬೇಕು. ಮೇ ತಿಂಗಳಲ್ಲಿ ಬೆಳೆಗೆ ಬೇಕಾದ ನೀರನ್ನು ಡಿಸೆಂಬರಿನಲ್ಲಿ ಬಿಟ್ಟರೆ ರೈತನಿಗೆ ಏನು ಉಪಯೋಗ?

ಬದಲಿ ನೀರು ಬರುವುದು ಎಲ್ಲಿಂದ?

ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಹೆಚ್ಚು ನೀರಿದ್ದಾಗ ಜಲಾಶಯದಲ್ಲಿ ಕೂಡಿಟ್ಟು ಬೇಕಾದಾಗ ಬಿಡುವುದು. ಎರಡು, ಹೆಚ್ಚುವರಿ ನೀರನ್ನು ಇಂಗುಗುಂಡಿಗೆ ಹರಿಸುವುದು. ಅದು ನಿಧಾನವಾಗಿ ಇಂಗಿ, ತಿಂಗಳುಗಳ ನಂತರ ನದಿ ಸೇರುತ್ತದೆ. ಮೂರು, ಹಳೆಯ ಕಾಲುವೆಯ ಪಾಲನ್ನು ರೈತರಿಂದ ಕೊಂಡು, ಆ ಹೊಲಕ್ಕೆ ನೀರುಣಿಸುವುದನ್ನು ನಿಲ್ಲಿಸುವುದು. ಇಲ್ಲಿ ಬೆಳೆ ನಿಜವಾಗಿ ಹೀರುತ್ತಿದ್ದ ನೀರು ಮಾತ್ರ ಜಮೆಯಾಗುತ್ತದೆ. ಹೊಲದಿಂದ ಬಸಿದು ನದಿಗೆ ಮರಳುತ್ತಿದ್ದ ಭಾಗ ಮೊದಲೇ ಕೆಳಗಿನವರದ್ದು.

ಈ ಮೂರೂ ದಾರಿಗಳಲ್ಲಿ ಹೊಸ ನೀರು ಹುಟ್ಟುವುದಿಲ್ಲ ಎನ್ನುವುದನ್ನು ಗಮನಿಸಿ. ಒಂದು ಕಾಲದ ನೀರು ಇನ್ನೊಂದು ಕಾಲಕ್ಕೆ, ಒಬ್ಬರ ಹೊಲದ ನೀರು ಇನ್ನೊಬ್ಬರ ಗುಂಡಿಗೆ ಹೋಗುತ್ತದೆ. ಬದಲಿ ನೀರು ಸಿಗದಿದ್ದರೆ ಏನಾಗುತ್ತದೆ ಎಂಬುದು 2006ರಲ್ಲಿ ಕಂಡಿತು. ಸಾಲುವಷ್ಟು ಬದಲಿ ನೀರು ತೋರಿಸಲಾಗದ ಕಾರಣ, ಸೌತ್ ಪ್ಲ್ಯಾಟ್ ಕಣಿವೆಯಲ್ಲಿ ಸುಮಾರು 440 ನೀರಾವರಿ ಬಾವಿಗಳನ್ನು ನಿಲ್ಲಿಸಲು ಆದೇಶವಾಯಿತು. ಆ ವೇಳೆಗಾಗಲೇ ರೈತರು ಬಿತ್ತನೆ ಮಾಡಿದ್ದರು.

ಗುಂಡಿಗೆ ಗೋಡೆ ಕಟ್ಟಿದರೆ?

ಆವಿ ನಷ್ಟ ತಪ್ಪಿಸಲು ಗುಂಡಿಯನ್ನು ಮತ್ತೆ ಮಣ್ಣಿನಿಂದ ಮುಚ್ಚಬಹುದು. ಇಲ್ಲವೇ ಸುತ್ತಲೂ ಕೆಳಗಿನ ಬಂಡೆಯವರೆಗೆ ಕಾಲುವೆ ತೋಡಿ, ಬೆಂಟೊನೈಟ್ ಎಂಬ ಜೇಡಿಮಣ್ಣು ತುಂಬಿ, ನೀರು ದಾಟದ ಗೋಡೆ ಮಾಡಬಹುದು. ಆಗ ಗುಂಡಿಗೂ ಅಂತರ್ಜಲಕ್ಕೂ ಸಂಬಂಧ ಕಡಿದು, ಅದು ಜಲಾಶಯವಾಗುತ್ತದೆ. ಡೆನ್ವರ್ ಸುತ್ತಲಿನ ನಗರಗಳು ಹಳೆಯ ಜಲ್ಲಿ ಗುಂಡಿಗಳನ್ನು ಹೀಗೆ ಬಳಸಿಕೊಂಡಿವೆ. ಆದರೆ ಗೋಡೆಗೆ ಅಡ್ಡಬಿದ್ದ ಅಂತರ್ಜಲ ಮೇಲ್ಭಾಗದಲ್ಲಿ ಏರಿ, ಕೆಳಭಾಗದಲ್ಲಿ ಇಳಿಯಬಹುದು. ಪಕ್ಕದ ಬಾವಿಗಳಿಗೆ ಅದೂ ತೊಂದರೆಯೇ.

ನಮ್ಮಲ್ಲಿ ದಾರಿ ಬೇರೆ. ನದಿ ಪಾತ್ರದಲ್ಲಿ ಮರಳು ತೆಗೆಯುವಾಗ ನೀರಿನ ಮಟ್ಟಕ್ಕಿಂತ ಕೆಳಗೆ ಅಗೆಯಬಾರದು ಎನ್ನುತ್ತವೆ ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿಗಳು. ಕೊಲೊರಾಡೊ ಅಗೆಯಲು ಬಿಟ್ಟು, ಆಮೇಲೆ ಲೆಕ್ಕ ಕೇಳುತ್ತದೆ. ಎರಡರ ಹಿಂದೆಯೂ ಇರುವ ವಿಜ್ಞಾನ ಒಂದೇ. ಜಲ್ಲಿ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ, ಲಾರಿಗಳು ಹೋಗುತ್ತವೆ. ಗುಂಡಿ ತೆರೆದಿರುವವರೆಗೂ ನೀರು ಮಾತ್ರ ಪ್ರತಿ ಬೇಸಿಗೆಯೂ ಆವಿಯಾಗುತ್ತಲೇ ಇರುತ್ತದೆ. ಹಾಗಾಗಿ ನೀರು ತುಂಬಿದ ಗುಂಡಿ ಕಂಡಾಗ ‘ನೀರು ಸಿಕ್ಕಿತು’ ಎಂದು ಖುಷಿಪಡುವ ಮೊದಲು, ಇದು ಯಾರ ಬಾವಿಗೆ, ಯಾರ ಕಾಲುವೆಗೆ ಹೋಗಬೇಕಿದ್ದ ನೀರು ಎಂದು ಕೇಳಿಕೊಳ್ಳುವುದು ಒಳ್ಳೆಯದು.