ಬಂದೂಕಿನ ಸ್ವಯಂಬೆಳಕಿನ ದುರ್ಬೀನು: 12 ವರ್ಷಕ್ಕೆ ಅರ್ಧ ಹೊಳಪು, ರಿಪೇರಿ ಊರಾಗ ಆಗೂದಿಲ್ಲ

ಬೈಲಹೊಂಗಲ: ‘ಸೆಲ್ ಬ್ಯಾಡ, ಚಾರ್ಜ್ ಬ್ಯಾಡ, ಕತ್ತಲದಾಗ ತಾನ ಹೊಳಿತೈತಿ’ ಎಂದು ಯಾರಾದರೂ ಬಂದೂಕಿನ ಹಳೇ ದುರ್ಬೀನು ಮಾರಲು ಬಂದರೆ ಆ ಮಾತು ಅರ್ಧ ನಿಜ. ಹೊಳೆಯುವುದು ಖರೆ, ಆದರೆ ಕಾಯಂ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಲೈಸೆನ್ಸ್‌ದಾರರು, ಮಾಜಿ ಸೈನಿಕರು, ಗುಜರಿ ಅಂಗಡಿಯವರು ಇದನ್ನು ತಿಳಿದಿರುವುದು ಒಳ್ಳೆಯದು.

ರೇಡಿಯಂ ಅಲ್ಲ, ಟ್ರಿಟಿಯಂ

ಪೇಟೆಯಲ್ಲಿ ಹೊಳೆಯುವುದಕ್ಕೆಲ್ಲ ‘ರೇಡಿಯಂ’ ಅನ್ನುತ್ತಾರೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಅಂಟಿಸುವ ಸ್ಟಿಕ್ಕರ್‌ನಲ್ಲಿ ರೇಡಿಯಂ ಇರುವುದೇ ಇಲ್ಲ. ಅದು ಬಿದ್ದ ಬೆಳಕನ್ನು ವಾಪಸ್ ಕಳಿಸುತ್ತದೆ, ಅಷ್ಟೇ. ಸ್ವಯಂಬೆಳಕಿನ ದುರ್ಬೀನಿನಲ್ಲಿ ಇರುವುದು ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ. ಚಿಕ್ಕ ಗಾಜಿನ ಕೊಳವೆಯಲ್ಲಿ ಅದನ್ನು ತುಂಬಿ ಮುಚ್ಚಿರುತ್ತಾರೆ. ಕೊಳವೆಯ ಒಳಗೋಡೆಯ ಲೇಪ ಅದರಿಂದ ಹೊಳೆಯುತ್ತದೆ. 1987ರಲ್ಲಿ ಬಂದ ಅಮೆರಿಕದ ಟ್ರಿಜಿಕಾನ್ ಎಸಿಒಜಿ, ಭಾರತದ ವಿಶೇಷ ಪಡೆಗಳ ಟವೋರ್ ರೈಫಲ್ ಮೇಲಿನ ಇಸ್ರೇಲಿ ಮೆಪ್ರೊ-21 ಇದೇ ಜಾತಿಯವು.

ಕೊಳ್ಳುವಾಗ ಕೇಳಬೇಕಾದ್ದು

ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧವಾಗುತ್ತದೆ. 2000ದಲ್ಲಿ ತಯಾರಾದ ದುರ್ಬೀನಿನಲ್ಲಿ 2012ಕ್ಕೆ ಉಳಿದದ್ದು ಅರ್ಧ, 2025ಕ್ಕೆ ಕಾಲು ಭಾಗ. ಡಬ್ಬಿ ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದರೂ ಲೆಕ್ಕ ಇದೇ. ಹಾಗಾಗಿ ‘ಯಾವಾಗ ತಗೊಂಡಿದ್ದು’ ಅಂತಲ್ಲ, ‘ಯಾವ ಇಸ್ವಿಯಾಗ ತಯಾರಾಗೈತಿ’ ಅಂತ ಕೇಳಬೇಕು. ಬೆಳಕು ಹೋದರೂ ಲೆನ್ಸ್ ಚಲೋ ಇದ್ದರೆ ಹಗಲು ಕೆಲಸ ನಡೆಯುತ್ತದೆ. ಆದರೆ ಸ್ವಯಂಬೆಳಕಿನ ಹೆಸರಿನಲ್ಲಿ ಹೆಚ್ಚಿನ ರೊಕ್ಕ ಕೊಡಬಾರದು.

ಕೊಂಡ ಮೇಲಿನ ಸರ್ವಿಸ್ ಅಂದರೆ ಲೆನ್ಸ್ ಒರೆಸುವುದು, ಹಿಡಿಕೆಯ ಸ್ಕ್ರೂ ಬಿಗಿ ನೋಡುವುದು, ಇಷ್ಟೇ. ಟ್ರಿಟಿಯಂ ಮತ್ತೆ ತುಂಬಲು ಬರುವುದಿಲ್ಲ. ಕೊಳವೆಯನ್ನೇ ಬದಲಿಸಬೇಕು, ಅದು ತಯಾರಕರ ಕೆಲಸ. ವಾಚ್ ಅಂಗಡಿ, ಮೊಬೈಲ್ ಅಂಗಡಿಯಲ್ಲಿ ಬಿಚ್ಚಿಸಿದರೆ ಒಳಗೆ ತೇವ, ಧೂಳು ಸೇರಿ ಲೆನ್ಸೂ ಕೆಡುತ್ತದೆ. ಇನ್ನು ಲೈಸೆನ್ಸ್ ಬಂದೂಕಿಗೆ ಯಾವುದೇ ದುರ್ಬೀನು ಕೂರಿಸುವ ಮೊದಲು ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ವಿಚಾರಿಸುವುದು ಕ್ಷೇಮ.

ಗುಜರಿಯವರಿಗೆ ಎಚ್ಚರ

ಮುಚ್ಚಿದ ಕೊಳವೆಯಿಂದ ಭಯವಿಲ್ಲ. ಟ್ರಿಟಿಯಂ ಹೊರಸೂಸುವ ಬೀಟಾ ಕಣ ಗಾಜನ್ನೂ ದಾಟದು, ಚರ್ಮವನ್ನೂ ದಾಟದು. ಒಡೆದು, ಉಸಿರು ಅಥವಾ ಬಾಯಿ ಮೂಲಕ ದೇಹ ಸೇರಿದಾಗ ತೊಂದರೆ. 2009ರ ನವೆಂಬರ್‌ನಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿದ್ದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ದುರ್ಬೀನಿನಲ್ಲಿರುವ ಪ್ರಮಾಣ ಬಹಳ ಸಣ್ಣದು. ಆದರೂ ಒಡೆಯುವುದು, ಸುಡುವುದು ಬೇಡ.

ಗುರುತಿಸದೆ ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ದಿಲ್ಲಿಯ ಮಾಯಾಪುರಿ ಸಾಕ್ಷಿ. ಅಲ್ಲಿ 2010ರಲ್ಲಿ ಗುಜರಿಗೆ ಬಂದ ಪ್ರಯೋಗಾಲಯದ ಯಂತ್ರದಲ್ಲಿ ಟ್ರಿಟಿಯಂಗಿಂತ ಎಷ್ಟೋ ಪಟ್ಟು ಅಪಾಯಕಾರಿಯಾದ ಕೋಬಾಲ್ಟ್-60 ಇತ್ತು. ಒಬ್ಬರು ಜೀವ ಕಳೆದುಕೊಂಡರು.

ಪರೀಕ್ಷೆ ಸುಲಭ: ಸೆಲ್ ತೆಗೆದು ಒಂದು ರಾತ್ರಿ ಕತ್ತಲೆಯ ಕಪಾಟಿನಲ್ಲಿ ಇಡಬೇಕು. ಬೆಳಗಿನ ಜಾವವೂ ಹೊಳೆಯುತ್ತಿದ್ದರೆ ಅದು ಟ್ರಿಟಿಯಂ ಇರಬಹುದು. ಹೊಳಪು ಸತ್ತಿದ್ದರೂ ದುರ್ಬೀನಿನ ಮೇಲೆ ವಿಕಿರಣದ ಮೂರು ರೆಕ್ಕೆಯ ಗುರುತು ಅಥವಾ ‘ಎಚ್-3’ ಎಂಬ ಬರಹ ಇದೆಯೇ ನೋಡಬೇಕು. ಇದ್ದರೆ ತೂಕಕ್ಕೆ ಹಾಕದೆ ಪೊಲೀಸ್ ಠಾಣೆಗೆ ತಿಳಿಸಬೇಕು. ಕೊಳವೆ ಒಡೆದಿದ್ದರೆ ಬಾಗಿಲು ಕಿಟಕಿ ತೆರೆದು ಹೊರಗೆ ಬಂದು, ಚೂರು ಮುಟ್ಟದೆ, ಕೈ ತೊಳೆದುಕೊಳ್ಳಬೇಕು.