ಏನೂ ಆಗಲಿಲ್ಲ ಅನ್ನುವವರಿಗೆ



ಮರೋಳದಲ್ಲಿ ಯಾವ ಹಿರಿಯರನ್ನ ಕೇಳಿದರೂ 'ಎಪ್ಪತ್ತೆರಡರ ಬರ' ಅಂತಾರೆ. ಸಾವಿರದ ಒಂಬೈನೂರು ಅಂತ ಯಾರೂ ಸೇರಿಸೋದಿಲ್ಲ. ಹೇಳೋರಿಗೂ ಕೇಳೋರಿಗೂ ಶತಮಾನ ಗೊತ್ತು, ಎರಡು ಅಂಕಿ ಸಾಕು. ಕಂಪ್ಯೂಟರಿಗೆ ಆ ತಿಳಿವಳಿಕೆ ಇಲ್ಲ. ಅದಕ್ಕೆ 72 ಅಂದರೆ ಬರೀ 72. ಇಷ್ಟು ಸಣ್ಣ ಸಂಗತಿಗೆ 1999ರಲ್ಲಿ ಜಗತ್ತಿನ ಸರ್ಕಾರಗಳು, ಬ್ಯಾಂಕುಗಳು ನಿದ್ದೆಗೆಟ್ಟು ಕೂತಿದ್ದವು. ಅದಕ್ಕೇ ವೈಟುಕೆ ಅಂತ ಹೆಸರಿಟ್ಟರು.

ಇವತ್ತು ಆ ಮಾತು ಎತ್ತಿದರೆ ಕಾಲೇಜು ಹುಡುಗರು ನಗುತ್ತಾರೆ. "ಏನೂ ಆಗಲೇ ಇಲ್ಲಲ್ಲೋ, ಬರೀ ಕಂಪನಿಯವರ ಆಟ ಅದು" ಅನ್ನುತ್ತಾರೆ. ನಾವು ಇದನ್ನ ಒಪ್ಪೋದಿಲ್ಲ. ಏನೂ ಆಗಲಿಲ್ಲ ಅನ್ನೋದು ಬಹುಪಾಲು ನಿಜ. ಯಾಕೆ ಆಗಲಿಲ್ಲ? ಸಾವಿರಾರು ಜನ ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದರು. ದಿನಾ ಗಟಾರ ಬಳಿಯುವ ಊರಲ್ಲಿ ಕಾಲರಾ ಬರಲಿಲ್ಲ ಅಂದರೆ ಬಳಿಯೋದೇ ದಂಡ ಅಂದಹಾಗಾಯಿತು ಈ ಮಾತು. ರಿಪೇರಿ ಮಾಡುವವರ ದುಡಿಮೆ ಯಾರ ಕಣ್ಣಿಗೂ ಬೀಳೋದಿಲ್ಲ ಅನ್ನೋದು ನಮ್ಮ ಕೇರಿಗಳಿಗೆ ಹೊಸ ಸುದ್ದಿಯಲ್ಲ.

ತಪ್ಪು ಎಲ್ಲಿತ್ತು ನೋಡಿ. 1960ರ ದಶಕದಲ್ಲಿ ಕಂಪ್ಯೂಟರಿಗೆ ಲೆಕ್ಕ ತಿನ್ನಿಸುತ್ತಿದ್ದದ್ದು ತೂತು ಹೊಡೆದ ಕಾರ್ಡುಗಳಿಂದ. ಒಂದು ಕಾರ್ಡಿನಲ್ಲಿ 80 ಅಕ್ಷರಕ್ಕಷ್ಟೇ ಜಾಗ. ಯಂತ್ರದೊಳಗಿನ ಜಾಗವಂತೂ ಬಲು ದುಬಾರಿ. ಹಾಗಾಗಿ ಇಸವಿಯ 19 ಬಿಟ್ಟು ಕೊನೆಯ ಎರಡು ಅಂಕಿ ಮಾತ್ರ ಬರೆದರು. 1982ರಲ್ಲಿ ಹುಟ್ಟಿದ ಹುಡುಗನ ವಯಸ್ಸು 1999ರಲ್ಲಿ ಎಷ್ಟು? 99ರಲ್ಲಿ 82 ಕಳೆದರೆ 17, ಸರಿ. 2000ದಲ್ಲಿ? 00ರಲ್ಲಿ 82 ಕಳೆದರೆ ಮೈನಸ್ 82! ಹುಟ್ಟುವುದಕ್ಕೆ 82 ವರ್ಷ ಮೊದಲೇ ಅರ್ಜಿ ಹಾಕಿದವನಿಗೆ ಸ್ಕಾಲರ್‌ಶಿಪ್ ಯಾರು ಕೊಡ್ತಾರೆ? (ಹುಟ್ಟಿದ ಮೇಲೆ ಹಾಕಿದವರಿಗೂ ಎಷ್ಟು ತಡ ಮಾಡಿ ಕೊಡ್ತಾರೆ ಅನ್ನೋದು ಬೇರೆ ಮಾತು.) ಬಡ್ಡಿ, ಪಿಂಚಣಿ, ವಿಮೆ ಎಲ್ಲದರ ಲೆಕ್ಕವೂ ಹೀಗೇ ಕೆಡುತ್ತಿತ್ತು. ರಿಪೇರಿ ತಪ್ಪಿದ ಕಡೆ ಕೆಟ್ಟಿತು ಕೂಡ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಆಸ್ಪತ್ರೆಯೊಂದರ ಕಂಪ್ಯೂಟರು ಬಸುರಿಯರ ವಯಸ್ಸನ್ನ ತಪ್ಪು ಎಣಿಸಿತು. 150ಕ್ಕೂ ಹೆಚ್ಚು ಹೆಂಗಸರಿಗೆ ಹುಟ್ಟುವ ಮಗುವಿನ ಬಗ್ಗೆ ತಪ್ಪು ವರದಿ ಕೊಟ್ಟಿತು. ಅವರ ಮುಂದೆ ನಿಂತು ಇದು ಬರೀ ಆಟ ಅನ್ನೋಕಾಗುತ್ತದೆಯೇ?

ನಮ್ಮ ದೇಶವೂ ಸುಮ್ಮನೆ ಕೂರಲಿಲ್ಲ. 1998ರಲ್ಲಿ ಯೋಜನಾ ಆಯೋಗದ ಸದಸ್ಯರಾಗಿದ್ದ ಮೊಂಟೆಕ್ ಸಿಂಗ್ ಅಹ್ಲುವಾಲಿಯಾ ಮುಂದಾಳತ್ವದಲ್ಲಿ ಕೇಂದ್ರ ಸರ್ಕಾರ ಒಂದು ಕ್ರಿಯಾಪಡೆ ಮಾಡಿತು. ಬ್ಯಾಂಕು, ವಿದ್ಯುತ್, ಟೆಲಿಫೋನು, ರೈಲು, ವಿಮಾನ ಎಲ್ಲದರ ಯಂತ್ರಗಳನ್ನ ತಪಾಸಣೆಗೆ ಹಚ್ಚಿದರು. ಬ್ಯಾಂಕುಗಳ ಬೆನ್ನು ಹತ್ತಿದ್ದು ರಿಸರ್ವ್ ಬ್ಯಾಂಕು. ಆ ಡಿಸೆಂಬರ್ 31ರಂದು ದೇಶದ ಜನರ ಕಣ್ಣು ಕಂದಹಾರದ ವಿಮಾನದ ಮೇಲಿತ್ತು. ಕಂಪ್ಯೂಟರುಗಳು ಸದ್ದಿಲ್ಲದೆ ಹೊಸ ವರ್ಷಕ್ಕೆ ಕಾಲಿಟ್ಟವು. ನಮ್ಮ ಹುನಗುಂದದ ಕಡೆ ಕೆಡೋದಕ್ಕೆ ಕಂಪ್ಯೂಟರುಗಳೇ ಎಷ್ಟಿದ್ದವು ಬಿಡಿ. ಹೊಲದ ಉತಾರ ಆಗ ತಲಾಠಿಯ ಕೈಬರಹ. ಭೂಮಿ ಯೋಜನೆ ಬಂದದ್ದು ಆಮೇಲೆ.

ದೊಡ್ಡ ಕೆಲಸ ಇದ್ದದ್ದು ಅಮೆರಿಕದ್ದು. ಅಲ್ಲಿಯ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕವೆಲ್ಲ ಕೋಬಾಲ್ ಅನ್ನೋ ಹಳೇ ಭಾಷೆಯಲ್ಲಿತ್ತು. ಅಲ್ಲಿಯ ಹೊಸ ಹುಡುಗರು ಅದನ್ನ ಬಿಟ್ಟಾಗಿತ್ತು. ಬೆಂಗಳೂರಿನಲ್ಲಿ ಅಗ್ಗದ ಸಂಬಳಕ್ಕೆ ಕಲಿಯೋರಿದ್ದರು. ಅವರ ರಾತ್ರಿ ನಮಗೆ ಹಗಲು. 1998ರಲ್ಲಿ ಅಮೆರಿಕ ತನ್ನ ಎಚ್-1ಬಿ ವೀಸಾಗಳ ಮಿತಿಯನ್ನ 65,000ದಿಂದ 1,15,000ಕ್ಕೆ ಏರಿಸಿತು. 1999ರ ಮಾರ್ಚಿನಲ್ಲಿ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಹತ್ತಿತು. ಇವತ್ತಿನ ಬೆಂಗಳೂರಿನ ಸಂಪತ್ತಿನ ಅಡಿಪಾಯದಲ್ಲಿ ಈ ರಿಪೇರಿ ಕೂಲಿಯ ಪಾಲು ದೊಡ್ಡದು.

ಆ ಕೂಲಿ ಎಂಥದ್ದು? ಲಕ್ಷಾಂತರ ಸಾಲುಗಳ ಲೆಕ್ಕದ ಬರವಣಿಗೆಯಲ್ಲಿ ತಾರೀಖು ಎಲ್ಲೆಲ್ಲಿದೆ ಹುಡುಕು, ತಿದ್ದು, ಗಡಿಯಾರವನ್ನ 1999ರ ಕೊನೆಯ ದಿನಕ್ಕೆ ತಿರುಗಿಸಿ ಓಡಿಸಿ ನೋಡು, ಮತ್ತೆ ತಿದ್ದು. ಕಳೆ ತೆಗೆದಹಾಗೆ. ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಓದಿದವರಿಗೂ ಕೆಲವು ತಿಂಗಳು ಕೋಬಾಲ್ ಕಲಿಸಿ ಕೂರಿಸಿದವು. ಮೆರಿಟ್ಟು ಮೆರಿಟ್ಟು ಅಂತ ಬಾಯಿ ಬಡಕೊಳ್ಳೋರು ಇದನ್ನ ನೆನಪಿಡಲಿ. ಬೇಕಾಗಿದ್ದದ್ದು ಇಂಗ್ಲಿಷು, ಒಂದು ಇಂಜಿನಿಯರಿಂಗ್ ಡಿಗ್ರಿ, ಕಲಿಸುವ ಒಬ್ಬ ಮೇಷ್ಟ್ರು. ಈ ಮೂರೂ ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಜನಕ್ಕೆ ಸಿಕ್ಕಿದ್ದವು?

ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ ಸರ್ಕಾರದ ಕಾರ್ಖಾನೆಗಳಾಗಿದ್ದವು. ಅಲ್ಲಿ ಮೀಸಲಾತಿ ಇತ್ತು, ಫಿಟ್ಟರ್ ಟರ್ನರ್ ಕಲಿತ ನಮ್ಮವರು ಗೇಟು ದಾಟಿದ್ದರು. ವೈಟುಕೆಯ ಹಣ ಹರಿದದ್ದು ಖಾಸಗಿ ಕಂಪನಿಗೆ. ಅಲ್ಲಿ ಮೀಸಲಾತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಕಟ್ಟಡಗಳಿಗೆ ಇಟ್ಟಿಗೆ ಹೊರೋಕೆ ಮಾತ್ರ ನಮ್ಮ ಕಡೆಯಿಂದ ಗುಳೇ ಹೋದವರಿಗೆ ಯಾರೂ ಮೆರಿಟ್ಟು ಕೇಳಲಿಲ್ಲ.

ಇನ್ನೊಂದು ತಾರೀಖು ಜ್ಞಾಪಿಸುತ್ತೇವೆ. ಸಂವಿಧಾನ ಜಾರಿಯಾದ ಹತ್ತು ವರ್ಷದೊಳಗೆ, ಅಂದರೆ 1960ರ ಜನವರಿ 26ರ ಹೊತ್ತಿಗೆ, ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಅಂತ 45ನೇ ವಿಧಿಯಲ್ಲಿ ಬರೆದಿತ್ತು. ಆ ದಿನ ಬಂತು, ಹೋಯಿತು. ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ, ಐವತ್ತು ವರ್ಷ ತಡ. 1960ರಲ್ಲಿ ಶಾಲೆ ಸಿಕ್ಕಿದ್ದರೆ ಅವರ ಮಕ್ಕಳು 1998ರಲ್ಲಿ ಕೋಬಾಲ್ ತಿದ್ದುತ್ತಾ ಕೂತಿರುತ್ತಿದ್ದರು. ಬ್ಯಾಂಕಿನ ಬಡ್ಡಿ ಕೆಡುವ ತಾರೀಖನ್ನ ಯಾರೂ ಒಂದು ದಿನವೂ ಮುಂದೂಡಲಿಲ್ಲ, ಗಮನಿಸಿ.

ಈಗ ಮುಂದಿನದು. ಬಹಳಷ್ಟು ಕಂಪ್ಯೂಟರುಗಳು ಕಾಲವನ್ನ 1970ರ ಜನವರಿ 1ರಿಂದ ಸೆಕೆಂಡು ಸೆಕೆಂಡಾಗಿ ಎಣಿಸುತ್ತವೆ. ಹಳೇ 32 ಬಿಟ್ ಲೆಕ್ಕದಲ್ಲಿ ಆ ಎಣಿಕೆ 214 ಕೋಟಿ ಚಿಲ್ಲರೆಗೆ ತುಂಬಿಬಿಡುತ್ತದೆ. ಅದು ತುಂಬೋದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ. ಮರುಕ್ಷಣ ಯಂತ್ರ 1901ಕ್ಕೆ ಹಿಂದೆ ಬೀಳುತ್ತದೆ. ದೊಡ್ಡ ಯಂತ್ರಗಳನ್ನ ಬಹುಮಟ್ಟಿಗೆ 64 ಬಿಟ್‌ಗೆ ಬದಲಾಯಿಸಿದ್ದಾರೆ. ಗೋಡೆಯೊಳಗೆ, ಪಂಪಿನೊಳಗೆ, ಮೀಟರಿನೊಳಗೆ ಕೂತ ಸಣ್ಣ ಹಳೇ ಯಂತ್ರಗಳನ್ನ ಒಂದೊಂದಾಗಿ ಹುಡುಕಬೇಕು. ನಮ್ಮ ರಾಮಥಾಳ-ಮರೋಳ ಏತ ನೀರಾವರಿಯನ್ನೇ ನೋಡಿ. 24,000 ಹೆಕ್ಟೇರಿಗೆ ಹನಿ ನೀರು, ಬಿಡೋದು ಕಟ್ಟೋದು ಕಂಪ್ಯೂಟರಿನಿಂದ ಅಂತ ಕಟ್ಟಿದ ಯೋಜನೆ ಅದು. ಅಂಥವನ್ನ ಬಿಚ್ಚಿ ನೋಡಿ ತಿದ್ದೋರು ಬೆಂಗಳೂರಿನಿಂದಲೇ ಬರಬೇಕೇ?

ಇವತ್ತು ಪಿಯುಸಿ ಓದುವ ತಂಗಿ ತಮ್ಮಂದಿರಿಗೆ ಅವತ್ತು ಮೂವತ್ತರ ಆಸುಪಾಸು. ಈ ಸಲ ಬಾಗಿಲು ತೆರೆಯುವ ದಿನ ಮೊದಲೇ ಗೊತ್ತಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ ಹಾಸ್ಟೆಲುಗಳನ್ನ ನಾವು ಕಂಡಿದ್ದೇವೆ. ನಿಮ್ಮದೂ ಹಾಗಿದ್ದರೆ ಸಂಜೆ ಎರಡು ತಾಸು ತೆಗೆಸಿರಿ. ಡಿಪ್ಲೊಮಾ, ಬಿಸಿಎ ಓದುತ್ತಿರುವ ಹಿರಿಯರು ವಾರಕ್ಕೆರಡು ದಿನ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಹೇಳಿಕೊಡಲಿ. ವಾರ್ಡನ್ ಕೀಲಿ ಕೊಡದಿದ್ದರೆ ಹಾಸ್ಟೆಲಿನ ಎಲ್ಲರೂ ಸಹಿ ಮಾಡಿ ಅರ್ಜಿ ಬರೆಯಿರಿ, ಒಂದು ಪ್ರತಿ ಮುಂದಿನ ಸಭೆಗೆ ತನ್ನಿರಿ.